ಕಿಲುಬು

ಮಂಗಳವಾರ, ಗುರುವಾರ, ಶನಿವಾರ.
ಆರೂಮುಕ್ಕಾಲಿಗೆ ಮಿಡಲ್ಸ್‌ಬರೋದಲ್ಲಿ
ಕತ್ತಲೆ ಇನ್ನೂ ಹಾಸಿಗೆ ಬಿಟ್ಟಿರುವುದಿಲ್ಲ.
ಬೂಟು ಬಿಚ್ಚಿ, ಕೋಟು ಬಿಚ್ಚಿ
ಗುಡಿಗೆ ಬಂದವಳ ಹಾಗೆ ತೂಕದ ಯಂತ್ರ ಹತ್ತುತ್ತೇನೆ.
ಎರಡು ಕಿಲೋ ನಾನೂರು ಗ್ರಾಂ ಹೆಚ್ಚು.
ಅಷ್ಟೂ ನೀರು: ಕುಡಿದದ್ದು, ಕದ್ದು ಕುಡಿದದ್ದು,
ಸಾರಿನೊಳಗೆ ಅಡಗಿ ಬಂದದ್ದು.

ಗ್ಲಾಡಿಸ್ ಎರಡು ಸೂಜಿ ಚುಚ್ಚುತ್ತಾಳೆ.
ಒಂದು ನಳಿಕೆ ಕೆಂಪು ಒಯ್ಯುತ್ತದೆ, ಇನ್ನೊಂದು ಕೆಂಪು ತರುತ್ತದೆ,
ನಡುವೆ ಕೂದಲೆಳೆಯ ಕೊಳವೆಗಳ ಒಂದು ಕಟ್ಟು.
ಅಲ್ಲಿ ನನ್ನ ಒಗೆತ, ನಾಲ್ಕು ಗಂಟೆ.

ಇಪ್ಪತ್ತಾರು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ
ಪ್ರನಾಳ ತೊಳೆದವಳು ನಾನು.
ತೊಳೆದದ್ದು ಸವೆಯುತ್ತದೆ, ಗೊತ್ತಿತ್ತು.
ಆದರೂ ಡಾಕ್ಟರು ಹೇಳಿದಾಗ ನಗು ಬಂತು:
ಕೊಳೆ ತೆಗೆಯುತ್ತಲೇ ಈ ಯಂತ್ರ
ರಕ್ತಕ್ಕೆ ಕಿಲುಬು ಹಿಡಿಸುತ್ತದಂತೆ.
ಗುರುತಿಲ್ಲದ ಪೊರೆ ಮೈಗೆ ತಾಕಿತೆಂದು
ಬಿಳಿ ಕಣಗಳು ಸಿಡುಕಿ ಕಿಡಿ ಕಾರುತ್ತವಂತೆ.
ಕಸದ ಜೊತೆ ನಿಂಬೆಯ ಸತ್ವವೂ ಚರಂಡಿಗೆ.
ರಕ್ತ ಸಾಲದೆಂದು ಮೇಲಿಂದ ಕಬ್ಬಿಣ ಬೇರೆ.
ಕಬ್ಬಿಣದ ಸ್ವಭಾವ ಕಬ್ಬಿಣ ಬಿಟ್ಟೀತೆ?

ಜೋಡಿ ತಪ್ಪಿದ ಒಂದು ಎಲೆಕ್ಟ್ರಾನು
ಪಕ್ಕದ ಮನೆಯ ಕದ ಬಡಿಯುತ್ತದೆ.
ಅಲ್ಲಿಂದ ಕಸಿದರೆ ಆ ಮನೆ ಒಂಟಿ,
ಅದು ಆಚೆ ಮನೆಗೆ ಹೊರಡುತ್ತದೆ.
ಓಣಿ ಪೂರ್ತಿ ಹೀಗೆ, ರಾತ್ರಿಯಿಡೀ,
ಯಾರೂ ಕಳ್ಳರಲ್ಲ.

ನಮ್ಮ ಕನ್ನಡ ಮೀಡಿಯಮ್ಮಿನಲ್ಲಿ ಅದಕ್ಕೆ ಎರಡು ಹೆಸರು.
ಪ್ರಾಣವಾಯು ಅಂತ ಒಂದು.
ಆಮ್ಲಜನಕ, ಅಂದರೆ ಹುಳಿ ಹುಟ್ಟಿಸುವುದು, ಅಂತ ಇನ್ನೊಂದು.
ಯಾವುದು ಬರೆದರೂ ಒಂದು ಮಾರ್ಕು.
ಎರಡನ್ನೂ ಬರೆದ ರತ್ನಮಾಲೆಗೆ
ಒಂದನ್ನು ಹೊಡೆದುಹಾಕು ಅಂದಿದ್ದರು ಮೇಷ್ಟ್ರು.

ಪಕ್ಕದ ಕುರ್ಚಿ ಡೆರೆಕ್ ಪಾಲಿಸ್ಟರನದು.
ಟೀಸ್ ನದಿಯ ಮೇಲಿನ ನೀಲಿ ಸೇತುವೆಗೆ
ಬಣ್ಣ ಬಳಿಯುತ್ತಿದ್ದನಂತೆ, ಹಗ್ಗಕ್ಕೆ ಜೋತುಬಿದ್ದು.
"ಬಣ್ಣ ನಂಬಬಾರದು," ಅನ್ನುತ್ತಿದ್ದ,
"ಸುತ್ತಿಗೆಯಲ್ಲಿ ತಟ್ಟಿ, ಕಿವಿಗೊಡಬೇಕು.
ತಿಂದುಹೋದ ಕಡೆ ಕಬ್ಬಿಣ ಕೆಮ್ಮುತ್ತದೆ."
ಒಮ್ಮೆ ಕೇಳಿಯೇಬಿಟ್ಟ, ನನ್ನ ತೋಳಿಗೆ ಕಿವಿಯಿಟ್ಟು,
ನಾಳ ಕೂಡಿಸಿದ ಜಾಗದ ಗುಂಯ್‌ಗುಡುವಿಕೆ.
"ನಿನ್ನದು ಇನ್ನೂ ಗಟ್ಟಿ," ಅಂದ.

ಮೂರು ವಾರದಿಂದ ಆ ಕುರ್ಚಿಯಲ್ಲಿ ಬೇರೆ ಯಾರೋ.
ಸಂಜೆ ಪಾಳಿಗೆ ಹಾಕಿಸಿಕೊಂಡನಂತೆ.
ಹಾಗಂತ ಗ್ಲಾಡಿಸ್ ಹೇಳಿದಳು, ಹತ್ತಿಯ ಉಂಡೆ ಹುಡುಕುತ್ತ.
ನಾನು ತಟ್ಟಿ ನೋಡಲಿಲ್ಲ.

ಮನೆಯಲ್ಲಿ, ಸಿಂಕಿನ ಬದಿಗೆ, ತಾಮ್ರದ ಚೊಂಬು.
ಬಿಸಿಯಾರುವ ಮೊದಲೇ ಮತ್ತೆ ಹಸಿರು ತಿರುಗುವ ಜಾತಿ.
ಹುಣಸೆಹಣ್ಣು ನನಗೆ ವರ್ಜ್ಯ, ಬಾಳೆಹಣ್ಣು, ಎಳನೀರಿನ ಸಾಲಿನಲ್ಲಿ.
ಚೊಂಬಿಗೆ ಪಥ್ಯವಿಲ್ಲ.
ನಾರು, ಬೀಜ ಸಮೇತ ಹಿಚುಕಿ, ಚಿಟಿಕೆ ಉಪ್ಪಿಟ್ಟು
ತಿಕ್ಕುತ್ತೇನೆ, ಸೂಜಿಯಿಲ್ಲದ ಕೈಯಲ್ಲಿ.
ತಿಕ್ಕಿದಲ್ಲೆಲ್ಲ ಕೆಂಪು, ಬೆತ್ತಲೆ, ಆಗ ಹುಟ್ಟಿದ್ದರ ಹಾಗೆ.
ಮತ್ತು ಹಾಗಾಗಿಯೇ, ಗಾಳಿಗೆ ಇನ್ನಷ್ಟು ಸಲೀಸು.

ಕಿಟಕಿ ತೆರೆದಿದೆ. ಸಮುದ್ರದ ಕಡೆಯ ಥಂಡಿ.
ಯಾರೂ ನೋಡುತ್ತಿಲ್ಲ.
ಹೆಬ್ಬೆರಳು ಒಂದು ಸಲ ನೆಕ್ಕುತ್ತೇನೆ.