ಇನ್ನೇನಾದರೂ?

ನಲವತ್ತೊಂದು ವರ್ಷ ಮಾಂಸ ಕಟ್ಟಿಕೊಟ್ಟ ಕೈ
ಈಗ ಉಡುಗೊರೆ ಕಟ್ಟುತ್ತದೆ.
ಬ್ರಾಗಾದ ಇಳಿಜಾರು ಬೀದಿ, ಮೂರನೆಯ ಮಹಡಿ,
ಅಡುಗೆಮನೆಯ ಮೇಜು.
ಕಾಸು ಕೇಳುವುದಿಲ್ಲ ಅಡೆಲೀನೊ.
ಕಾಗದ ಮಾತ್ರ ನನ್ನ ಅಂಗಡಿಯದು,
ಅದರ ಬಾಕಿ ನನ್ನ ಪುಸ್ತಕದಲ್ಲಿದೆ, ಇರಲಿ.

ಮೊದಲು ಅಂಗೈಯಲ್ಲಿಟ್ಟು ತೂಗುತ್ತಾನೆ, ಹಳೆ ಚಾಳಿ.
"ಮುನ್ನೂರೈವತ್ತು ಗ್ರಾಂ" ಎನ್ನುತ್ತಾನೆ
ಯಾರದೋ ಕೂಸಿನ ದೀಕ್ಷಾಸ್ನಾನದ ಬೆಳ್ಳಿ ಬಟ್ಟಲಿಗೆ.
ಆಮೇಲೆ ಕಾಗದ ಹಾಸಿ, ಕಣ್ಣಳತೆಯಲ್ಲೇ ಕತ್ತರಿ.
ಅಂಟುಪಟ್ಟಿ ಎಂದರೆ ಮೂಗು ಮುರಿಯುತ್ತಾನೆ:
"ಮಡಿಕೆಗೆ ಮಾನವಿದ್ದರೆ ತಾನೇ ನಿಲ್ಲುತ್ತದೆ."
ಹೆಬ್ಬೆರಳ ಉಗುರಿನಿಂದ ಒಮ್ಮೆ ಗೀರಿದರೆ ಮುಗಿಯಿತು,
ಕಾಗದ ಮತ್ತೆ ಮೇಲೇಳುವುದಿಲ್ಲ.

ಅಂಗಡಿ ಮುಚ್ಚಿದ ದಿನ ಹೊತ್ತು ತಂದ ಹತ್ತಿಹುರಿ
ಇನ್ನೂ ಹನ್ನೊಂದು ಉಂಡೆ ಉಳಿದಿದೆ.
ರಿಬ್ಬನ್ ಕೊಳ್ಳು ಮಾರಾಯ ಎಂದೆ ನಾನು, ನನ್ನ ವ್ಯಾಪಾರ.
ಮರುವಾರ ಅವನ ಬಾಲ್ಕನಿಯ ತಂತಿಯ ಮೇಲೆ
ಬೀಟ್‌ರೂಟಿನ ನೀರು ಕುಡಿದದ್ದು, ಈರುಳ್ಳಿ ಸಿಪ್ಪೆಯ ನೀರು ಕುಡಿದದ್ದು,
ನೇರಳೆ, ಹೊನ್ನು, ತೊಟ್ಟಿಕ್ಕುತ್ತಾ ಒಣಗುತ್ತಿತ್ತು
ಕೆಳಗಿನ ಮನೆಯ ಗ್ರಾಸಳ ಬಿಳಿ ಹಾಸಿಗೆ ಬಟ್ಟೆಯ ಮೇಲೆ.

ಗಂಟಿನಲ್ಲಿ ಒಂದು ರೋಸ್ಮರಿ ಕಡ್ಡಿ.
ಕುರಿಯ ತೊಡೆಗೆ ಸಿಕ್ಕಿಸುತ್ತಿದ್ದ ಅದೇ ಕಡ್ಡಿ.

"ಕ್ಷಣದಲ್ಲಿ ಹರಿದೆಸೆಯುವುದಕ್ಕೆ ಇಷ್ಟೊಂದು ಶೃಂಗಾರವೇ?"
ಗ್ರಾಸಳ ಕೋಪ ಆರಿರಲಿಲ್ಲ.
"ಮಾಂಸದ ಪೊಟ್ಟಣವನ್ನೂ ಹರಿದೇ ಅಲ್ಲವೇ ಬೇಯಿಸಿದ್ದು ನೀನು,"
ಎಂದ, ತಲೆ ಎತ್ತದೆ.

ಜನವರಿಯ ಒಂದು ಶುಕ್ರವಾರ ಎರ್ಮೆಲಿಂಡ ಬಂದಳು,
ತೋಳಿನಲ್ಲಿ ಗಂಡನ ಅಕಾರ್ಡಿಯನ್.
ಬೇಕರಿಯ ಹುಡುಗನಿಗಂತೆ, ಅವನೊಬ್ಬನೇ
ಫೌಸ್ತೊ ಬೈದರೂ ಕಲಿಯಲು ಬರುತ್ತಿದ್ದವನು.
ಪೆಟ್ಟಿಗೆ ಎಲ್ಲಿ? ಅದನ್ನು ಫೌಸ್ತೊನೇ ಮಾರಿ ಕುಡಿದಿದ್ದ.

ಅಂದು ಅಡೆಲೀನೊ ತೂಗಲಿಲ್ಲ.
ಪಕ್ಕಕ್ಕೆ ಮಗ್ಗುಲಾಗಿಸಿದ್ದೇ ತಡ
ತಿದಿ ಬಿಚ್ಚಿಕೊಂಡು ಉಸಿರೆಳೆದು
ಅರ್ಧ ಸ್ವರವೊಂದನ್ನು ಬಿಟ್ಟಿತು.
ನಾನು ಕಾಗದದ ಸುರುಳಿ ಹಿಡಿದು ನಿಂತಿದ್ದೆ.
ಎರ್ಮೆಲಿಂಡ ಒಲೆಯ ಕಡೆ ತಿರುಗಿ
ಕುದಿಯದ ನೀರನ್ನು ನೋಡತೊಡಗಿದಳು.

ಅವನು ಎರಡೂ ಅಂಗೈಯಿಂದ ಮೆಲ್ಲಗೆ ಒತ್ತಿದ,
ಉಸಿರು ಪೂರ್ತಿ ಹೊರಹೋಗುವವರೆಗೂ ಕಾದ.
ಸುರುಳಿ ಮಾಂಸಕ್ಕೆ ಹಾಕುವ ಗಂಟನ್ನೇ ಹಾಕಿದ,
ಬಿಗಿ, ಆದರೆ ಕೊಯ್ಯದ ಹಾಗೆ.
ಮೇಲಿನ ಕಾಗದಕ್ಕೂ ನಿರಿಗೆ ಹಿಡಿದ,
ಒಳಗಿನ ಒಂದೊಂದು ನಿರಿಗೆಗೂ ಹೊರಗೊಂದು.
ಹದಿನೆಂಟು. ನಾನು ಎಣಿಸಿದೆ.
ಕಡ್ಡಿ ಸಿಕ್ಕಿಸಲು ಹೋಗಿ, ಬೇಡವೆಂದು ಕೆಳಗಿಟ್ಟ.

ಪೊಟ್ಟಣವನ್ನು ಮೇಜಿನಾಚೆ ಸರಿಸಿ,
ಇಲ್ಲದ ಮೇಲಂಗಿಗೆ ಕೈ ಒರೆಸಿಕೊಳ್ಳುತ್ತಾ,
ನಲವತ್ತೊಂದು ವರ್ಷದ ಬಾಯಿಪಾಠ, ಕೇಳಿಯೇಬಿಟ್ಟ:
"ಇನ್ನೇನಾದರೂ ಬೇಕೆ, ಅಮ್ಮ?"

ಎರ್ಮೆಲಿಂಡ ನಿಂತೇ ಇದ್ದಳು,
ಪಟ್ಟಿ ಮರೆತು ಬಂದವಳ ಹಾಗೆ.