ಎಡಗಿವಿ

ಮೊದಲ ತಲೆ ಆವಿಗೆಯಲ್ಲೇ ಸಿಡಿಯಿತು.
ದೇವಸೂಗೂರಿನ ಕುಂಬಾರ ತಿಪ್ಪವ್ವ
ಕೋಲಿನಿಂದ ಬೂದಿ ಕೆದಕಿ, ಮೂಗಿನದೊಂದು ಚೂರು
ನನ್ನ ಅಂಗೈಯಲ್ಲಿಟ್ಟಳು:
"ಮಣ್ಣಾಗ ಉಸುರು ಬಿಟ್ಟೀಯಪ್ಪ.
ಒಳಗ ಉಳಿದ ಉಸುರು
ಬೆಂಕ್ಯಾಗ ಸುಮ್ಮನ ಕುಂಡ್ರತೈತೇನು?"

ಆಗ ನನಗೆ ಇಪ್ಪತ್ತಾರು.
ಶಕ್ತಿನಗರದ ಸ್ಥಾವರದಲ್ಲಿ ಬಾಯ್ಲರ್ ಫಿಟ್ಟರ್.
ಹಗಲೆಲ್ಲ ಕಬ್ಬಿಣ: ಸರಿಯಿದ್ದರೆ ಕೂರುತ್ತದೆ, ಇಲ್ಲದಿದ್ದರೆ ಇಲ್ಲ.
ಮಣ್ಣು ಹಾಗಲ್ಲ. ತಪ್ಪಿಗೂ ಹೂಂ ಅನ್ನುತ್ತದೆ,
ಹೂಂ ಅಂದು
ಮೂರನೇ ದಿನ ಕುತ್ತಿಗೆಯಲ್ಲಿ ಬಿರಿಯುತ್ತದೆ.

ನಾದುವುದಕ್ಕೇ ಒಂದು ವರ್ಷ.
ಕೃಷ್ಣೆ ದಂಡೆಯ ಮೆಕ್ಕಲು, ಜರಡಿ ಹಿಡಿದ ಮರಳು,
ಹಿಡಿ ಕತ್ತೆಲದ್ದಿ.
ತಂತಿಯಿಂದ ಕೊಯ್ದರೆ ಒಳಗೆ
ಸಾಸಿವೆಯಷ್ಟು ತೂತೂ ಕಾಣದ ತನಕ
ನೆಲಕ್ಕೆ ಬಡಿ, ಮತ್ತೆ ಬಡಿ.
ಕೆಳಗಿನ ಮನೆಯವರು ಮೇಲೆ ಬಂದು ಕೇಳಿದರು,
ರೊಟ್ಟಿ ಬಡಿಯೋ ಹೊತ್ತೇನ್ರಿ ಇದು, ರಾತ್ರಿ ಹನ್ನೊಂದು?

ನನಗೆ ಕೂತವನು ಮೌಲಾಸಾಬ.
ಕೂತವನು ಅನ್ನುವುದೂ ಸುಳ್ಳು.
ಎರಡನೇ ಗೇಟಿನೆದುರು ಚಹಾ ಸೋಸುತ್ತ, ಬಗ್ಗುತ್ತ,
ಯಾರದೋ ಉದ್ರಿಯನ್ನು ಇದ್ದಿಲಿನಲ್ಲಿ ಗೋಡೆಗೆ ಬರೆಯುತ್ತ
ಅವನು ಒಂದು ದಿನವೂ ಕೂರಲಿಲ್ಲ.
ಕಂಡದ್ದನ್ನು ತಲೆಯಲ್ಲಿ ಹೊತ್ತು
ಕ್ವಾರ್ಟರ್ಸಿನ ಮೂರನೇ ಮಹಡಿ ಹತ್ತುವಷ್ಟರಲ್ಲಿ
ಅರ್ಧ ಚೆಲ್ಲಿರುತ್ತಿತ್ತು.

ಎರಡನೆಯ ತಲೆಗೆ ಗೋಲಿಯಂಥ ಕಣ್ಣು.
ಐದೋ ಆರೋ ಆದ ಮೇಲೆ ತಿಳಿಯಿತು
ರೆಪ್ಪೆಗೊಂದು ದಪ್ಪವಿದೆ,
ಮಾವಿನಕಾಯಿ ಹೋಳಿನ ಅಂಚಿನ ಹಾಗೆ.
ಹಣೆ ಕೂದಲ ಬಳಿ ಮುಗಿಯುವುದಿಲ್ಲ,
ಹಿಂದಕ್ಕೆ ನಡೆದುಹೋಗುತ್ತದೆ.
ಇಷ್ಟು ತಿಳಿಯುವಷ್ಟರಲ್ಲಿ ಮಗಳು
ಅಂಗನವಾಡಿಯಿಂದ ಹೈಸ್ಕೂಲಿಗೆ ಹೋಗಿದ್ದಳು.

ನಡುವೆ ಕೈ ಚುರುಕಾಯಿತು. ಅದೇ ಕೆಟ್ಟ ಕಾಲ.
ಹತ್ತು ನಿಮಿಷಕ್ಕೊಂದು ಮೂಗು.
ಕಾಲನಿಯವರು ಶಾಲು ಹೊದಿಸಿ ಫೋಟೊ ತೆಗೆದರು.
ಕಪಾಟಿನ ಸಾಲು ನೋಡಿ ಮಗಳು ಕೇಳಿದಳು,
"ಅಪ್ಪಾ, ಇವರೆಲ್ಲ ಅಣ್ಣತಮ್ಮಂದಿರಾ?"
ಬಲ ಹೆಬ್ಬೆರಳಿಗೆ ಬಟ್ಟೆ ಸುತ್ತಿ
ಒಂದು ವರ್ಷ ಎಡಗೈಯಲ್ಲಿ ಮಾಡಿದೆ.

ಒಲ್ಲದ ತಲೆಗಳಿಗೆಲ್ಲ ಒಂದೇ ನೀಲಿ ಡ್ರಮ್ಮು.
ಒಣಗಿದ ಮಣ್ಣು ನೀರು ಕುಡಿಯುವಾಗ
ಕತ್ತಲಲ್ಲಿ ಸಣ್ಣಗೆ ಗುಳುಗುಟ್ಟುತ್ತದೆ.
ಇಪ್ಪತ್ತು ವರ್ಷದ ಮೌಲಾಸಾಬರು
ಒಬ್ಬರೊಳಗೊಬ್ಬರು ಕರಗಿ, ಮತ್ತೆ ನನ್ನ ಕೈಗೆ.

ಮೇ ತಿಂಗಳಲ್ಲಿ ಒದ್ದೆ ಗೋಣಿ ಹೊದಿಸಿ ಹೋದರೆ
ಪಾಳಿ ಮುಗಿಸಿ ಬರುವಷ್ಟರಲ್ಲಿ ಅದು ಹಪ್ಪಳ.
ಕಿಟಕಿಯಿಂದ ಬಂದ ಚಿಮಣಿಯ ಬೂದಿ
ಹುಬ್ಬಿನ ಮೇಲೆ ಕೂತು
ನನಗಿಂತ ಮೊದಲೇ ಅವನನ್ನು ಮುದುಕನನ್ನಾಗಿಸಿರುತ್ತಿತ್ತು.
ಅತ್ತ ಅಂಗಡಿಯಲ್ಲಿ ಅವನೂ ನಿಲ್ಲಲಿಲ್ಲ.
ನಾನು ಕೆನ್ನೆ ಕಲಿತ ವರ್ಷ
ಅವನ ದವಡೆಹಲ್ಲು ಹೋಗಿ ಕೆನ್ನೆ ಒಳಗಿಳಿಯಿತು.

ಹೋದ ತಿಂಗಳು, ಹಸಿಯಿದ್ದಾಗಲೇ, ಗೋಣಿಯಲ್ಲಿ ಸುತ್ತಿ
ಸ್ಕೂಟರಿನ ಕಾಲ ಬಳಿ ನಿಲ್ಲಿಸಿಕೊಂಡು ಒಯ್ದೆ.
ಬೆಂಚಿನ ಮೇಲಿಟ್ಟು ಬಿಚ್ಚಿದೆ.
ಅವನು ಬಹಳ ಹೊತ್ತು ನೋಡಿದ.
"ಎಲ್ಲಾ ಖರೆ ಐತ್ರಿ.
ಎಡಗಿವಿ ಒಂದೀಟು ಕೆಳಗ ಬಂದೈತಿ."

ನೋಡಿದೆ. ಬಂದಿತ್ತು.
ಇಷ್ಟು ವರ್ಷವಾದ ಮೇಲೂ!
ಜೇಬಿನಿಂದ ಸೈಕಲ್ ಕಡ್ಡಿ ತೆಗೆದು
ಕಿವಿಯ ಬುಡಕ್ಕೆ ಹಚ್ಚುವಷ್ಟರಲ್ಲಿ
ಅವನು ಒದ್ದೆ ಕೈ ಎರಡೂ ಎತ್ತಿ
ಬಸ್ಕಿ ಹೊಡೆಯುವ ಹುಡುಗನ ಹಾಗೆ
ತನ್ನ ಕಿವಿಗಳನ್ನು ಹಿಡಿದುಕೊಂಡಿದ್ದ.
ಹಿಡಿದು, ಬಿಟ್ಟು, ಮತ್ತೆ ಹಿಡಿದು ಅಳೆದ.

"ತಡೀರಿ. ಮುಟ್ಟಬ್ಯಾಡ್ರಿ.
ಐವತ್ತೆಂಟು ವರ್ಷ ಆತು,
ಹಜಾಮ ಸೈತ ಹೇಳಿಲ್ಲಲ್ರಿ ಇದನ್ನ."

ನಾನೂ ಕಂಡಿರಲಿಲ್ಲ. ಕೈ ಯಾವಾಗ ಕಂಡಿತೋ.

ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟ ವಾಸನೆ.
ರಾತ್ರಿ ಪಾಳಿಯ ಸೈರನ್ ಕೂಗಿತು.
ಅವನು ಒಲೆಯ ಕಡೆ ತಿರುಗಿದ,
ಹಿಂಗತ್ತಿನಲ್ಲಿ ಎರಡು ಗೆರೆ ಕೂಡಿ ಬಿಡುವುದು ಕಂಡಿತು.
ಅದು ಇನ್ನೂ ಬಂದಿಲ್ಲ ನನಗೆ.