ಒಂಬತ್ತನೆಯ ಪ್ರತಿ

ಓಲೊಮೌಟ್ಸಿನಲ್ಲಿ ಆ ಕಾದಂಬರಿ ನಮ್ಮ ಕೈಗೆ ಬಂದದ್ದು
ಕಾರ್ಬನ್ನಿನ ಒಂಬತ್ತನೆಯ ಪ್ರತಿಯಾಗಿ.
ಉಸಿರು ಬಿಟ್ಟರೆ ಹಾರುವ ಹಾಳೆ,
ತಲೆಗೆ ಎರಡೇ ರಾತ್ರಿಯ ಗಡುವು.

ನೂರಾ ಹನ್ನೊಂದನೆಯ ಪುಟದಲ್ಲಿ
ಒಂದು ಪದ ಮೂಡಿರಲೇ ಇಲ್ಲ:
ಮನುಷ್ಯನಿಗೆ ಕೊನೆಗೂ ಬೇಕಾದದ್ದು ಒಂದಿಷ್ಟು

ಹಲ್ಲಿನ ಡಾಕ್ಟರು ಬೊಹುಮೀರ್ ಪೆನ್ಸಿಲಿನಲ್ಲಿ ತುಂಬಿದ: ಸಾಕ್ಷಿ.
ಟ್ರಾಮ್ ಓಡಿಸುವ ಲಿಬುಶೆ ಅದನ್ನು ಹೊಡೆದುಹಾಕಿ: ನಿದ್ದೆ.
ಕೆಳಗೆ ಯಾರದೋ ಎಡಗೈ ಬರಹ: ಯಾರು ಕೇಳಿದರು?
ನಾನೇನೂ ಬರೆಯಲಿಲ್ಲ. ಅಲ್ಲಿರುವ ಸೂಪಿನ ಕಲೆ ನನ್ನದು.

ಈಗ ಅಂಗಡಿಯಲ್ಲೇ ಸಿಗುತ್ತದೆ, ಗಟ್ಟಿ ರಟ್ಟು, ರಿಬ್ಬನ್ನು ಬೇರೆ.
ನಿಂತಲ್ಲೇ ಆ ಸಾಲು ಹುಡುಕಿದೆ.
ಇತ್ತು ಪದ, ಕಪ್ಪಗೆ.
ಓದಿ ಮುಚ್ಚಿಟ್ಟೆ.

ಲಿಬುಶೆಗೆ ಹೇಳೋಣವೆಂದೇ ಹೋದೆ.
ನರ್ಸ್ ತುಟಿಗೆ ಬೆರಳಿಟ್ಟಳು:
ನಾಲ್ಕು ದಿನದ ಮೇಲೆ
ಈಗಷ್ಟೇ ಹತ್ತಿದೆ.